ಅಚ್ಚು ಯಾರ ಕೈಯಲ್ಲಿರಬೇಕು?

ಕಳೆದ ಮಳೆಗಾಲದಲ್ಲಿ ಪಕ್ಷದ ಸದಸ್ಯತ್ವದ ಕೆಲಸಕ್ಕೆಂದು ನರಸಿಂಹರಾಜಪುರಕ್ಕೆ ಹೋಗಿದ್ದಾಗ, ಮಳೆ ಹಿಡಿದು ಒಂದು ಮರಗೆಲಸದ ಶೆಡ್ಡಿನಲ್ಲಿ ಎರಡು ಗಂಟೆ ಕೂರಬೇಕಾಯಿತು. ಶೆಡ್ಡಿನ ಯಜಮಾನರಾದ ಆಚಾರ್ರು ಒಂದು ದಾರಂದಕ್ಕೆ ಹತ್ತರಿ ಹಾಕುತ್ತಿದ್ದರು. ಅವರ ಮಗ ಮೊಬೈಲು ತಂದು ನನ್ನ ಮುಂದೆ ಹಿಡಿದ. ಅದರಲ್ಲಿ ಒಬ್ಬ ಅಮೆರಿಕದವನು ಎರಡು ಕೈಯಲ್ಲೂ ಹಿಡಿದು ತಳ್ಳುವ ರೌಟರಿನಿಂದ ಹಲಗೆ ಕೊರೆಯುತ್ತಿದ್ದ. ಆ ರೌಟರಿಗೆ ಒಂದು ಕ್ಯಾಮರಾ ಕಣ್ಣು, ಒಂದು ಪರದೆ. ಅಳತೆಗೋಲಿಲ್ಲ, ಗೀಟಿಲ್ಲ, ಅಚ್ಚಿಲ್ಲ. ಆದರೂ ಬಳ್ಳಿ, ಹೂವು, ಕಮಾನು ಎಲ್ಲವೂ ಕೂದಲೆಳೆಯಷ್ಟೂ ತಪ್ಪದೆ ಮೂಡುತ್ತಿದ್ದವು.

"ಇದು ಬಂದ್ರೆ ಅಪ್ಪಯ್ಯನ ಅಚ್ಚೆಲ್ಲ ಒಲೆಗೆ ಹಾಕ್ಬಹುದು ಮೇಷ್ಟ್ರೇ" ಎಂದು ಹುಡುಗ ನಕ್ಕ.

ತಂದೆ ನಗಲಿಲ್ಲ. ಗೋಡೆಯ ಮೊಳೆಗಳಿಗೆ ನೇತುಹಾಕಿದ್ದ ಹಲಗೆಯ ತುಂಡುಗಳ ಕಡೆಗೊಮ್ಮೆ ನೋಡಿ, "ಸುಡು ಮಾರಾಯ. ಸುಟ್ಟ ಮೇಲೆ ಆ ಮಿಷನ್ನಿಗೆ ಕಮಾನು ಹೇಳ್ಕೊಡೋರು ಯಾರು?" ಎಂದರು.

ಅವರ ಪ್ರಶ್ನೆಗೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲೂಕುಗಳಲ್ಲಿ ಮರಗೆಲಸ ನಂಬಿ ಬದುಕುವ ಮನೆಗಳು ಇಂದಿಗೂ ಇವೆ. ಆ ಮನೆಗಳ ಅನ್ನದ ಪ್ರಶ್ನೆ ಇದು. ಆದಕಾರಣ ಸಮಾಜವಾದಿಗಳು ಇದನ್ನು ಯಂತ್ರದ ಮೋಹದಿಂದಲೂ ನೋಡಬಾರದು, ಯಂತ್ರದ ಭಯದಿಂದಲೂ ನೋಡಬಾರದು.

ಮೊದಲು ಅಚ್ಚು ಎಂದರೇನೆಂಬುದನ್ನು ತಿಳಿಯೋಣ. ಒಂದೇ ಬಗೆಯ ಹತ್ತು ಕಿಟಕಿಗಳಿಗೆ ಒಂದೇ ಬಗೆಯ ಕಮಾನು ಬೇಕಾದರೆ ಬಡಗಿ ಹತ್ತು ಸಲ ಅಳೆಯುವುದಿಲ್ಲ. ಒಂದು ಪ್ಲೈವುಡ್ ತುಂಡಿನಲ್ಲಿ ಆ ಕಮಾನನ್ನು ಎಚ್ಚರಿಕೆಯಿಂದ ಕತ್ತರಿಸಿ, ಅಂಚು ನಯಮಾಡಿ ಇಟ್ಟುಕೊಳ್ಳುತ್ತಾನೆ. ಉಳಿಯಾಗಲಿ, ರೌಟರಾಗಲಿ, ಆ ಅಂಚನ್ನು ಆನಿಸಿಕೊಂಡು ಓಡಿದರೆ ಹತ್ತೂ ಕಮಾನುಗಳು ಒಂದೇ ತಾಯಿಯ ಮಕ್ಕಳ ಹಾಗೆ ಬರುತ್ತವೆ. ಕೀಲಿನ ಜಾಗ ತೋಡಲು ಒಂದು ಅಚ್ಚು, ಬೀಗದ ಗುಳಿಗೆ ಒಂದು, ಮುಂಡಿಗೆಯ ತಲೆಯ ಬೋದಿಗೆಗೆ ಒಂದು. ಇಂಗ್ಲಿಷಿನಿಂದ ಬಂದ ಜಿಗ್ ಎಂಬ ಮಾತು ಪೇಟೆಯ ಶೆಡ್ಡುಗಳಲ್ಲಿ ಬಳಕೆಗೆ ಬಂದಿದೆಯಾದರೂ ವಸ್ತು ಹಳೆಯದೇ. ಖರ್ಚು ಎಂದರೆ ಮಿಕ್ಕುಳಿದ ಹಲಗೆಯ ತುಂಡು ಮತ್ತು ಅರ್ಧ ದಿನದ ದುಡಿಮೆ.

ಆದರೆ ಅದರೊಳಗೆ ಸೇರಿರುವುದು ಅರ್ಧ ದಿನದ ದುಡಿಮೆ ಮಾತ್ರವೇ? ಎಷ್ಟು ಬಾಗಿದರೆ ಕಮಾನು ಕಣ್ಣಿಗೆ ಒಪ್ಪುತ್ತದೆ, ಹಲಸಿನ ಹಲಗೆ ಒಣಗಿದ ಮೇಲೆ ಎಷ್ಟು ಸೆಡೆಯುತ್ತದೆ, ಮಳೆಗಾಲದಲ್ಲಿ ಬಾಗಿಲು ಉಬ್ಬಿ ಸಿಕ್ಕಿಕೊಳ್ಳದಂತೆ ಎಷ್ಟು ಸಂದು ಬಿಡಬೇಕು ಎಂಬ ಲೆಕ್ಕಗಳೆಲ್ಲ ಆ ತುಂಡಿನಲ್ಲಿ ಕೂತಿವೆ. ತಂದೆ ಮಾಡಿದ ತಪ್ಪು, ಮಗ ತಿದ್ದಿದ ತಪ್ಪು ಎರಡೂ ಅದರ ಅಂಚಿನಲ್ಲಿವೆ. ಬಡಗಿಗೆ ಬ್ಯಾಂಕಿನಲ್ಲಿ ಠೇವಣಿ ಇರಲಾರದು. ಗೋಡೆಯ ಮೇಲಿನ ಅಚ್ಚುಗಳೇ ಅವನ ಠೇವಣಿ.

ಇನ್ನು ಯಂತ್ರ. ಅಮೆರಿಕದ ಮೆಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಅಲೆಕ್ ರಿವರ್ಸ್ ಮತ್ತು ಇಲಾನ್ ಮೋಯರ್ ಎಂಬ ಇಬ್ಬರು ಸಂಶೋಧಕರು, ಫ್ರೆಡೋ ಡುರಾಂಡ್ ಎಂಬ ಪ್ರಾಧ್ಯಾಪಕರ ಜೊತೆಗೂಡಿ, 2012ರಲ್ಲಿ ಇದರ ತತ್ವವನ್ನು ಪ್ರಕಟಿಸಿದರು. ಬಳಿಕ ಸ್ಥಾಪನೆಯಾದ ಶೇಪರ್ ಎಂಬ ಕಂಪನಿ 2016ರಲ್ಲಿ ಶೇಪರ್ ಒರಿಜಿನ್ ಎಂಬ ಹೆಸರಿನಲ್ಲಿ ಯಂತ್ರಕ್ಕೆ ಮುಂಗಡ ಪಡೆಯತೊಡಗಿತು. 2019ರಲ್ಲಿ ಆ ಕಂಪನಿಯನ್ನು ಜರ್ಮನಿಯ ದೊಡ್ಡ ಹತ್ಯಾರು ಉದ್ಯಮವೊಂದು ಕೊಂಡುಕೊಂಡಿತು.

ಕೆಲಸದ ಬಗೆ ಹೀಗೆ: ಹಲಗೆಯ ಮೇಲೆ ಡಾಮಿನೋ ಆಟದ ಬಿಲ್ಲೆಗಳಂಥ ಕಪ್ಪು ಬಿಳುಪು ಗುರುತುಗಳಿರುವ ಅಂಟುಪಟ್ಟಿಗಳನ್ನು ಅಂಟಿಸಬೇಕು. ಯಂತ್ರದ ಕ್ಯಾಮರಾ ಆ ಗುರುತುಗಳನ್ನು ಓದಿ ತಾನು ಹಲಗೆಯ ಯಾವ ಜಾಗದಲ್ಲಿದ್ದೇನೆಂದು ಕ್ಷಣಕ್ಷಣವೂ ತಿಳಿದುಕೊಳ್ಳುತ್ತದೆ. ಕಂಪ್ಯೂಟರಿನಲ್ಲಿ ಬರೆದ ನಕ್ಷೆ ಪರದೆಯ ಮೇಲೆ ಕಾಣುತ್ತದೆ. ಕೆಲಸಗಾರ ಆ ಗೆರೆಯ ಹತ್ತಿರ ಹತ್ತಿರ ಯಂತ್ರವನ್ನು ತಳ್ಳಿದರೆ ಸಾಕು. ಕೈ ಸ್ವಲ್ಪ ಅತ್ತಿತ್ತ ಹೋದರೂ ಒಳಗಿನ ಮೋಟಾರುಗಳು ಅಲಗನ್ನು ಸರಿಸಿ ಗೆರೆಯ ಮೇಲೇ ಇಡುತ್ತವೆ. ಕೈ ತೀರ ದೂರ ಹೋದರೆ ಅಲಗು ತಾನಾಗಿಯೇ ಮೇಲೆದ್ದು ನಿಲ್ಲುತ್ತದೆ.

ನಾನು ಹಿಂದೆ ಶಾಲೆಯಲ್ಲಿ ಒಂದನೆಯ ತರಗತಿಯ ಮಕ್ಕಳ ಕೈಹಿಡಿದು ಅಕ್ಷರ ತಿದ್ದಿಸಿದವನು. ಈ ಯಂತ್ರವನ್ನು ನೋಡಿದಾಗ ಅದೇ ನೆನಪಾಯಿತು. ಮೇಷ್ಟರ ಕೈ ಮೇಲಿದ್ದಾಗ ಮಗುವಿನ ಅಕ್ಷರ ದುಂಡಗೇ ಬರುತ್ತದೆ. ಆದರೆ ಮೇಷ್ಟರು ಒಂದು ದಿನ ಕೈ ಬಿಡಬೇಕು, ಬಿಡುವುದಕ್ಕಾಗಿಯೇ ಹಿಡಿಯುವುದು. ಅಚ್ಚು ಮಾಡುವ ಹುಡುಗ ಅಚ್ಚು ಮಾಡುತ್ತಲೇ ಕಮಾನನ್ನು ಕಲಿಯುತ್ತಾನೆ. ಈ ಯಂತ್ರವಾದರೋ ಕೈಬಿಡುವುದಿಲ್ಲ. ಹತ್ತು ವರ್ಷ ತಳ್ಳಿದವನೂ, ನಕ್ಷೆ ಬರೆಯಲು ಬಾರದಿದ್ದರೆ, ಮೊದಲ ದಿನ ತಳ್ಳಿದವನ ಜಾಗದಲ್ಲೇ ನಿಂತಿರುತ್ತಾನೆ.

ಹಾಗೆಂದು ಯಂತ್ರದ ಗುಣವನ್ನು ಮರೆಮಾಚುವುದು ಪ್ರಾಮಾಣಿಕತೆಯಲ್ಲ. ಹಳೆಯ ತೊಟ್ಟಿಮನೆಯೊಂದರಲ್ಲಿ ಗೆದ್ದಲು ತಿಂದ ಒಂದೇ ಒಂದು ಬೋದಿಗೆಯನ್ನು ಮೊದಲಿನ ಹಾಗೆಯೇ ಮಾಡಿಕೊಡಬೇಕಾಗಿದೆ ಎನ್ನಿ. ಒಂದು ತುಂಡಿಗಾಗಿ ಅರ್ಧ ದಿನ ಅಚ್ಚು ಮಾಡಿದರೆ ಬಡಗಿಗೆ ಗಿಟ್ಟುವುದಿಲ್ಲ. ಯಂತ್ರವಿದ್ದರೆ ನಕ್ಷೆ ಬರೆದು ನೇರ ಕೊರೆಯಬಹುದು. ಅದೇ ಮೂವತ್ತು ಕಿಟಕಿಗಳ ಕೆಲಸವಾದರೆ ಅಚ್ಚೇ ಮೇಲು; ಒಮ್ಮೆ ಮಾಡಿದರೆ ಮೂವತ್ತಕ್ಕೂ ಬರುತ್ತದೆ, ಹಲಗೆ ಹಲಗೆಗೂ ಅಂಟುಪಟ್ಟಿ ಹಚ್ಚುವ ಗೋಳಿಲ್ಲ. ಯಂತ್ರಕ್ಕೆ ಕರೆಂಟು ಬೇಕು, ಅಚ್ಚಿಗೆ ಬೇಡ. ಆಷಾಢದಲ್ಲಿ ನಮ್ಮ ಸೀಮೆಯ ಕರೆಂಟಿನ ಪಾಡು ಎಲ್ಲರಿಗೂ ಗೊತ್ತು. ತೇವ ಹೀರಿದ, ಹೊಟ್ಟು ಕೂತ ಹಲಗೆಗೆ ಅಂಟೂ ಸರಿಯಾಗಿ ಹಿಡಿಯದು. ಯಂತ್ರ ಕೈಯ ತಪ್ಪನ್ನು ತಿದ್ದಬಲ್ಲುದೇ ಹೊರತು ಮರದ ಎಳೆ ಯಾವ ಕಡೆಗೆ ಹರಿದಿದೆ, ಗಂಟು ಎಲ್ಲಿ ಕಿತ್ತುಬರುತ್ತದೆ ಎಂಬುದನ್ನು ತಿಳಿಯದು. ಅದು ಕೆಲಸಗಾರನ ಕಣ್ಣಿಗೇ ಬಿಟ್ಟದ್ದು.

ಹೀಗೆ ಒಂದೊಂದಕ್ಕೆ ಒಂದೊಂದು ಗುಣವಿರುವಲ್ಲಿ, ಜಗಳ ಹತ್ಯಾರು ಹತ್ಯಾರಿನ ನಡುವೆ ಇಲ್ಲ. ಹಾಗಾದರೆ ಎಲ್ಲಿದೆ? ಮರಗೆಲಸದ ಚರಿತ್ರೆಯೇ ಅದನ್ನು ಹೇಳುತ್ತದೆ.

ಇಂಗ್ಲೆಂಡಿನ ಪೋರ್ಟ್ಸ್‌ಮತ್ ನೌಕಾಕಟ್ಟೆಯಲ್ಲಿ, ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ, ಹಡಗಿನ ಹಗ್ಗ ಎಳೆಯುವ ಮರದ ರಾಟೆಗಳನ್ನು ಮಾಡಲು ಮಾರ್ಕ್ ಬ್ರುನೆಲ್ ಎಂಬವರು ಸಾಲು ಯಂತ್ರಗಳನ್ನು ರೂಪಿಸಿದರು. ಮರದ ತುಂಡನ್ನು ಪ್ರತಿ ಸಲವೂ ಒಂದೇ ಜಾಗದಲ್ಲಿ ಕಚ್ಚಿಹಿಡಿಯುವ ಹಿಡಿಕೆಗಳೇ ಅವುಗಳ ಜೀವಾಳ. ಅಂದರೆ ಅಚ್ಚಿನ ತತ್ವವೇ. ಫಲವೇನಾಯಿತು? 110 ಮಂದಿ ಪಳಗಿದ ಕೆಲಸಗಾರರು ಮಾಡುತ್ತಿದ್ದುದನ್ನು 10 ಮಂದಿ ಪಳಗದವರು ಮಾಡಿದರು. 1808ರ ಹೊತ್ತಿಗೆ ವರ್ಷಕ್ಕೆ 1,30,000 ರಾಟೆಗಳು ಹೊರಬಂದವು. ನಮ್ಮ ಆಚಾರ್ರ ಗೋಡೆಯ ಮೇಲೆ ಬದುಕಿಗೆ ಆಧಾರವಾದ ಅಚ್ಚು, ಅಲ್ಲಿ ನೂರು ಮಂದಿಯ ಕೆಲಸ ತಿಂದಿತು. ವಸ್ತು ಒಂದೇ ಜಾತಿಯದು, ಒಡೆತನ ಮಾತ್ರ ಬೇರೆ.

ಕಂಪ್ಯೂಟರಿನ ಆಜ್ಞೆಯಂತೆ ಕೊರೆಯುವ ಯಂತ್ರಗಳ ಹುಟ್ಟಿನಲ್ಲೂ ಇದೇ ಕಥೆ. ಎರಡನೆಯ ಮಹಾಯುದ್ಧ ಮುಗಿದ ಬಳಿಕ ಅಮೆರಿಕದಲ್ಲಿ ಎರಡು ದಾರಿಗಳು ಕಂಡವು. ಒಂದು, ನುರಿತ ಕೆಲಸಗಾರ ಒಮ್ಮೆ ಕೈಯಾರೆ ಮಾಡಿದ ಕೆಲಸದ ಚಲನೆಗಳನ್ನೇ ಟೇಪಿನಲ್ಲಿ ದಾಖಲಿಸಿ, ಯಂತ್ರ ಅದನ್ನೇ ಮತ್ತೆ ಮತ್ತೆ ಮಾಡುವಂತೆ ಮಾಡುವುದು. ಇನ್ನೊಂದು, ಕೆಲಸಗಾರನನ್ನು ಬದಿಗಿಟ್ಟು, ಕಚೇರಿಯಲ್ಲಿ ಕೂತವರು ಅಂಕಿಗಳಲ್ಲಿ ಆಜ್ಞೆ ಬರೆದು ಕಳಿಸುವುದು. ವಾಯುಸೇನೆಯ ಹಣದ ಬಲದಿಂದ 1952ರಲ್ಲಿ ಮೆಸಚೂಸೆಟ್ಸ್ ಸಂಸ್ಥೆಯಲ್ಲಿ ಪ್ರದರ್ಶನಗೊಂಡು, ಮುಂದೆ ಬೆಳೆದುದು ಎರಡನೆಯ ದಾರಿ. ಮೊದಲನೆಯದು ಮೂಲೆಗೆ ಬಿತ್ತು. ಇತಿಹಾಸಕಾರ ಡೇವಿಡ್ ನೋಬಲ್ ಅವರು 1984ರಲ್ಲಿ ಪ್ರಕಟಿಸಿದ ‘ಫೋರ್ಸಸ್ ಆಫ್ ಪ್ರೊಡಕ್ಷನ್’ ಎಂಬ ಗ್ರಂಥದಲ್ಲಿ, ಈ ಆಯ್ಕೆಯನ್ನು ಬರಿಯ ಯಂತ್ರಶಾಸ್ತ್ರ ನಿರ್ಧರಿಸಲಿಲ್ಲ, ಕೆಲಸಗಾರನ ಕೈಯಿಂದ ಹತೋಟಿಯನ್ನು ಆಡಳಿತದ ಕೈಗೆ ತೆಗೆದುಕೊಳ್ಳುವ ಆಸೆಯೂ ನಿರ್ಧರಿಸಿತು ಎಂದು ಆಧಾರ ಸಹಿತ ತೋರಿಸಿದ್ದಾರೆ.

ನಮ್ಮಲ್ಲಿ ಅಪಾಯ ಯಾವ ದಾರಿಯಲ್ಲಿ ಬಂದೀತೆಂಬುದನ್ನು ಈಗ ಊಹಿಸಬಹುದು. ಶೃಂಗೇರಿಯ ಕಡೆಗೆ ಹೋಂಸ್ಟೇ ಕಟ್ಟಿಸುವ ಗುತ್ತಿಗೆದಾರನೊಬ್ಬ ಹಳೆಯ ಮಾದರಿಯ ಮುಂಡಿಗೆ, ಬೋದಿಗೆ ಬೇಕೆಂದು ಕೊಪ್ಪದ ಬಡಗಿಯನ್ನು ಕರೆಸುತ್ತಾನೆ. ಬಡಗಿಯ ಅಚ್ಚನ್ನು ಒಂದು ಫೋಟೋ ತೆಗೆದು ನಕ್ಷೆಯ ಫೈಲು ಮಾಡಿಸಿಕೊಳ್ಳುತ್ತಾನೆ. ಮುಂದಿನ ಕಟ್ಟಡಕ್ಕೆ ಬಡಗಿ ಬೇಡ. ಯಂತ್ರ ತಳ್ಳುವ ಒಬ್ಬ ಹುಡುಗ, ಅರ್ಧ ಕೂಲಿ ಸಾಕು. ಬಡಗಿಯ ಮನೆಗೆ ಕಳ್ಳ ನುಗ್ಗಲಿಲ್ಲ, ಗೋಡೆಯ ಮೇಲಿನ ಅಚ್ಚು ಅಲ್ಲೇ ಇದೆ. ಆದರೆ ಅದರೊಳಗಿನ ಜೀವ ಹೊರಟುಹೋಯಿತು. ಒಂದು ಕಾಲಕ್ಕೆ ನರಸಿಂಹರಾಜಪುರದಿಂದ ತರೀಕೆರೆಗೆ ಕಿರುರೈಲು ಓಡುತ್ತಿತ್ತು. ನಮ್ಮ ಕಾಡಿನ ಮರ ಅದರಲ್ಲಿ ಹೊರಟಿತು. ಮರ ಹೋಗುವಾಗ ಶಬ್ದವಾದರೂ ಆಗುತ್ತಿತ್ತು. ವಿದ್ಯೆ ಹೋಗುವಾಗ ಅದೂ ಇಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ಬೆನ್ನನ್ನೂ ನಾವು ನೋಡಿಕೊಳ್ಳಬೇಕು. ಹಳೆಯ ಅಚ್ಚಿನ ವ್ಯವಸ್ಥೆ ನ್ಯಾಯದ ವ್ಯವಸ್ಥೆಯಾಗಿತ್ತೆಂದು ಯಾರಾದರೂ ಹೇಳಿದರೆ ನಾನು ಒಪ್ಪಲಾರೆ. ಅಚ್ಚು ಇದ್ದದ್ದು ಯಜಮಾನನ ಗೋಡೆಯ ಮೇಲೆ. ಅವನ ಕೈಕೆಳಗೆ ಹತ್ತು ವರ್ಷ ಹಲಗೆ ಹೊತ್ತ ಹುಡುಗನಿಗೆ ಅದರ ಲೆಕ್ಕ ಹೇಳಿಕೊಡದೆ ಇಟ್ಟುಕೊಂಡ ಯಜಮಾನರನ್ನು ನಾನೇ ಬಲ್ಲೆ. ಜಾತಿಯ ಬೇಲಿ ಅದಕ್ಕಿಂತ ಎತ್ತರ. ಉಳಿ ಹಿಡಿಯುವ ಆಸೆಯಿದ್ದ ದಲಿತರ ಹುಡುಗ ಆ ಶೆಡ್ಡಿನೊಳಗೆ ಹತ್ಯಾರು ಮುಟ್ಟುವಂತಿತ್ತೇ? ಹೆಣ್ಣು ಮಕ್ಕಳ ಮಾತಂತೂ ದೂರವೇ ಉಳಿಯಿತು. ಹತ್ತು ವರ್ಷದ ಪಳಗಿಕೆಯನ್ನು ಹತ್ತು ವಾರಕ್ಕೆ ಇಳಿಸುವ ಯಂತ್ರವೊಂದು ಬಂದರೆ, ಈ ಬೇಲಿಯಲ್ಲಿ ಒಂದು ಗಂಡಿಯಾದರೂ ಬಿದ್ದೀತು. ಆ ಗಂಡಿಯಿಂದ ಒಳಗೆ ಬರಬೇಕಾದವರು ನಮ್ಮವರೇ. ಆದ್ದರಿಂದ "ಪರಂಪರೆ ಉಳಿಸಿ" ಎಂಬ ಕೂಗಿಗೆ ನಾನು ಕಣ್ಣುಮುಚ್ಚಿ ದನಿಗೂಡಿಸಲಾರೆ. ಉಳಿಯಬೇಕಾದದ್ದು ವಿದ್ಯೆ, ಬೇಲಿಯಲ್ಲ.

ನಮ್ಮ ಚಳವಳಿಗೆ ಈ ವಿಷಯದಲ್ಲಿ ಒಂದು ದಾರಿ ಮೊದಲಿನಿಂದಲೂ ಇದೆ. 1952ರ ಮೇ ತಿಂಗಳಲ್ಲಿ ಪಚಮಢಿಯ ಸಮ್ಮೇಳನದಲ್ಲಿ ಡಾ. ರಾಮಮನೋಹರ ಲೋಹಿಯಾ ಅವರು ಸಣ್ಣ ಘಟಕದ ಯಂತ್ರದ ಮಾತೆತ್ತಿದರು. ಬಂಡವಾಳಶಾಹಿಯೂ ಕಮ್ಯೂನಿಸಮ್ಮೂ ಒಂದೇ ದೈತ್ಯ ಯಂತ್ರವನ್ನು ಪೂಜಿಸುತ್ತವೆ, ಬಂಡವಾಳ ಕಡಿಮೆಯಿದ್ದು ಕೈಗಳು ಹೆಚ್ಚಿರುವ ನಮ್ಮಂಥ ದೇಶಕ್ಕೆ ವಿದ್ಯುತ್ತಿನಿಂದ ಓಡುವ ಸಣ್ಣ ಯಂತ್ರ ಹಳ್ಳಿ ಹಳ್ಳಿಗೂ ಬೇಕು ಎಂಬುದು ಅವರ ವಾದ. ಅದಕ್ಕೂ ಮೊದಲೇ, 1924ರಲ್ಲಿ, ಗಾಂಧೀಜಿಯವರು ಯಂತ್ರದ ಹುಚ್ಚನ್ನು ವಿರೋಧಿಸುತ್ತಲೇ ಸಿಂಗರ್ ಹೊಲಿಗೆ ಯಂತ್ರವನ್ನು ಒಪ್ಪಿಕೊಂಡಿದ್ದರು. ಇಂದು ಕೊಪ್ಪದ ಬಸ್ ನಿಲ್ದಾಣದ ಬಳಿ ಹೊಲಿಗೆ ಯಂತ್ರ ತುಳಿಯುವ ದರ್ಜಿಗೆ ಆ ಯಂತ್ರ ಸ್ವಂತದ್ದು. ಬಟ್ಟೆ ಕತ್ತರಿಸುವ ಅಳತೆಯೂ ಸ್ವಂತದ್ದು.

ಕೈಯಲ್ಲಿ ಹಿಡಿಯುವ ಈ ಕಂಪ್ಯೂಟರ್ ರೌಟರು ಗಾತ್ರದಲ್ಲಿ ಸಣ್ಣದೇ. ಒಂದು ಚೀಲದಲ್ಲಿ ಹಾಕಿಕೊಂಡು ಕಿಗ್ಗದ ಬಸ್ಸು ಹತ್ತಬಹುದು. ಆದರೆ ಬೆಲೆ? ಅಮೆರಿಕದಲ್ಲಿ 3,000 ಡಾಲರಿನ ಆಸುಪಾಸು. ನಮ್ಮ ಹಣದಲ್ಲಿ ಎರಡೂವರೆ ಲಕ್ಷ ರೂಪಾಯಿಗೂ ಮೇಲೆ, ಸುಂಕ ಸಾಗಣೆ ಬೇರೆ. ಅಂಟುಪಟ್ಟಿ ಮುಗಿದಾಗಲೆಲ್ಲ ಮತ್ತೆ ಕೊಳ್ಳಬೇಕು. ಕೆಟ್ಟರೆ ನಮ್ಮ ಮೋಟಾರು ಕಟ್ಟುವವನ ಬಳಿ ಒಯ್ಯುವ ಹಾಗಿಲ್ಲ. ಗಾತ್ರ ಸಣ್ಣದಾದ ಮಾತ್ರಕ್ಕೆ ಯಂತ್ರ ಸಣ್ಣದಾಗುವುದಿಲ್ಲ. ಒಡೆತನವೂ ಸಣ್ಣವರ ಕೈಗೆ ಬರಬೇಕು.

ಸರ್ಕಾರ ಏನು ಮಾಡಿದೆ ಎಂದು ಕೇಳಬಹುದು. 2023ರ ಸೆಪ್ಟೆಂಬರ್ 17ರಂದು ಕೇಂದ್ರ ಸರ್ಕಾರ ಪಿ.ಎಂ. ವಿಶ್ವಕರ್ಮ ಯೋಜನೆಯನ್ನು ಆರಂಭಿಸಿತು. 18 ಕಸುಬುಗಳ ಪಟ್ಟಿಯಲ್ಲಿ ಬಡಗಿಯೂ ಇದ್ದಾನೆ. ಹತ್ಯಾರು ಕೊಳ್ಳಲು 15,000 ರೂಪಾಯಿ. ತರಬೇತಿಯ ದಿನಗಳಲ್ಲಿ ದಿನಕ್ಕೆ 500 ರೂಪಾಯಿ. ಶೇಕಡ 5ರ ಬಡ್ಡಿಯಲ್ಲಿ ಮೊದಲು 1 ಲಕ್ಷ, ಅದನ್ನು ತೀರಿಸಿದ ಮೇಲೆ 2 ಲಕ್ಷ ಸಾಲ. ಇಲ್ಲವೆನ್ನುವುದಕ್ಕಿಂತ ಇದು ಮೇಲು, ಅರ್ಹರೆಲ್ಲರೂ ಪಡೆಯಲೇಬೇಕು. ಆದರೆ 15,000 ರೂಪಾಯಿ ಈ ಯಂತ್ರದ ಬೆಲೆಯ ಹದಿನೈದನೆಯ ಒಂದು ಪಾಲೂ ಅಲ್ಲ. ಒಬ್ಬೊಬ್ಬ ಬಡಗಿಯೂ ಸಾಲ ಮಾಡಿ ಒಂದೊಂದು ಯಂತ್ರ ಕೊಂಡರೆ, ತಿಂಗಳಲ್ಲಿ ನಾಲ್ಕು ದಿನ ಓಡಿ ಇಪ್ಪತ್ತಾರು ದಿನ ಬಡ್ಡಿ ತಿನ್ನುವ ಯಂತ್ರ ಪ್ರತಿ ಶೆಡ್ಡಿನಲ್ಲೂ ಕೂರುತ್ತದೆ. ಮೇಲಾಗಿ ಕುಟುಂಬದ ಪಾರಂಪರಿಕ ಕಸುಬೆಂಬ ಆ ಯೋಜನೆಯ ಲೆಕ್ಕದಲ್ಲಿ, ಮೇಲೆ ಹೇಳಿದ ಬೇಲಿಯಾಚೆಯ ಹುಡುಗ ಹುಡುಗಿಯರ ಜಾಗ ಎಲ್ಲಿ?

ಒಬ್ಬನಿಗೆ ಭಾರವಾದದ್ದು ಐವತ್ತು ಮಂದಿಗೆ ಹಗುರ. ಇದನ್ನು ಕರ್ನಾಟಕಕ್ಕೆ ಯಾರೂ ಕಲಿಸಬೇಕಾಗಿಲ್ಲ. ಇಂದಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರಿ ಸಂಘ ಹುಟ್ಟಿತು. ಅಡಕೆ ಬೆಳೆಗಾರರು ಮಾಮ್‌ಕೋಸ್ ಕಟ್ಟಿಕೊಂಡರು. ತೋಟದ ಒಡೆಯರಿಗೆ ಸಾಧ್ಯವಾದದ್ದು ಅವರ ಮನೆಗೆ ಬಾಗಿಲು ಮಾಡಿಕೊಟ್ಟವರಿಗೆ ಏಕೆ ಸಾಧ್ಯವಾಗಬಾರದು? ಪುಣೆ ಜಿಲ್ಲೆಯ ಪಾಬಳ್ ಎಂಬ ಹಳ್ಳಿಯ ವಿಜ್ಞಾನ ಆಶ್ರಮದಲ್ಲಿ 2002ರಿಂದಲೇ ಕಂಪ್ಯೂಟರ್ ಯಂತ್ರಗಳ ಸಾರ್ವಜನಿಕ ಕಾರ್ಯಾಗಾರವಿದೆ; ಮೆಸಚೂಸೆಟ್ಸ್ ಸಂಸ್ಥೆಯ ಹೊರಗೆ ಅಂಥದು ಸ್ಥಾಪನೆಯಾದದ್ದು ಅಲ್ಲೇ ಮೊದಲು. ಹಳ್ಳಿಗೆ ಇದು ಆಗದ ಮಾತೆನ್ನುವವರು ಪಾಬಳಿಗೆ ಹೋಗಿ ಬರಲಿ.

ಆದುದರಿಂದ ನಮ್ಮ ಬೇಡಿಕೆಗಳು ಇವು:

ಒಂದು: ಮೂರೂ ತಾಲೂಕು ಕೇಂದ್ರಗಳಲ್ಲಿ ಒಂದೊಂದು ಸಹಕಾರಿ ಹತ್ಯಾರು ಮನೆಯಾಗಬೇಕು. ಯಂತ್ರ ಸಂಘದ್ದು, ಗಂಟೆಯ ಲೆಕ್ಕದ ಬಾಡಿಗೆ ಸದಸ್ಯರದ್ದು. ಕೇಂದ್ರ ಕಾನೂನಿನಂತೆ ಕಟ್ಟಡಗಳ ವೆಚ್ಚದ ಮೇಲೆ ಶೇಕಡ 1ರ ಸೆಸ್ ವಸೂಲಾಗಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಸೇರುತ್ತದೆ. ಕಟ್ಟಡದ ಬಡಗಿಯೂ ಆ ಕಾರ್ಮಿಕನೇ. ಅವನ ಬೆವರಿನ ಹಣ ಅವನ ಹತ್ಯಾರಾಗಿ ಮರಳಲಿ.

ಎರಡು: ಬಡಗಿಯ ಅಚ್ಚಿನಿಂದ ತೆಗೆದ ನಕ್ಷೆ ಬಡಗಿಯದು. ಸಂಘದಲ್ಲಿ ಅದು ಅವನ ಹೆಸರಿನಲ್ಲಿ ದಾಖಲಾಗಬೇಕು. ಗುತ್ತಿಗೆದಾರ ಅದನ್ನು ಬಳಸಿದಷ್ಟು ಸಲವೂ ಹಣ ಕೊಡಬೇಕು. ಸದಸ್ಯರ ನಡುವೆ ಮಾತ್ರ ಅದು ಮುಕ್ತವಾಗಿರಲಿ. ಈ ಯಂತ್ರ ಓದುವ ನಕ್ಷೆಯ ರೂಪ ಎಲ್ಲರಿಗೂ ತೆರೆದದ್ದು, ಯಾವ ಕಂಪನಿಯ ಸ್ವತ್ತೂ ಅಲ್ಲ. ಆದಕಾರಣ ನಾಳೆ ಬೇರೆ ಯಂತ್ರ ಬಂದರೂ ನಮ್ಮ ನಕ್ಷೆ ನಮ್ಮಲ್ಲೇ ಉಳಿಯುತ್ತದೆ.

ಮೂರು: ಯಂತ್ರ ಬಂದಿತೆಂದು ತುಂಡುಲೆಕ್ಕದ ಕೂಲಿ ಇಳಿಯಕೂಡದು. ಉಳಿದ ಹೊತ್ತು ದುಡಿಯುವವನಿಗೆ ಸೇರಬೇಕು.

ನಾಲ್ಕು: ದುರಸ್ತಿಯ ವಿವರ, ಬಿಡಿಭಾಗ ಕೊಡದ ಕಂಪನಿಯ ಯಂತ್ರವನ್ನು ಸಾರ್ವಜನಿಕ ಹಣದಿಂದ ಕೊಳ್ಳಕೂಡದು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ದುರಸ್ತಿಯ ಹಕ್ಕಿಗಾಗಿ ಮೊದಲು ಆರಿಸಿಕೊಂಡದ್ದು ಬೇಸಾಯದ ಉಪಕರಣ, ಮೊಬೈಲು, ಮನೆಬಳಕೆಯ ಸಾಮಾನು, ವಾಹನಗಳನ್ನು. ಕಸುಬುದಾರನ ಹತ್ಯಾರೂ ಆ ಪಟ್ಟಿಗೆ ಸೇರಲಿ.

ಐದು: ಹತ್ಯಾರು ಮನೆಯ ಬಾಗಿಲು ಎಲ್ಲ ಜಾತಿಯ ಹುಡುಗರಿಗೂ ಹುಡುಗಿಯರಿಗೂ ತೆರೆದಿರಬೇಕು. ಅಲ್ಲಿ ಕಲಿಯುವವರು ಮೊದಲ ಆರು ತಿಂಗಳು ಉಳಿ, ಹತ್ತರಿ, ಅಚ್ಚಿನಲ್ಲೇ ಪಳಗಲಿ, ಯಂತ್ರ ಆಮೇಲೆ. ಕಲಿಸುವ ಹಿರಿಯ ಬಡಗಿಗೆ ಮೇಷ್ಟರಿಗೆ ಕೊಟ್ಟಂತೆ ಸಂಬಳ ಕೊಡಲಿ.

ಇದೆಲ್ಲ ಸಣ್ಣ ವಿಷಯವೆಂದು ಕೆಲವು ಸಂಗಾತಿಗಳಿಗೆ ತೋರೀತು. ಅವರಿಗೆ 1951ರ ಕಾಗೋಡನ್ನು ನೆನಪಿಸುತ್ತೇನೆ. ಎಚ್. ಗಣಪತಿಯಪ್ಪನವರ ರೈತ ಸಂಘ ಹೊತ್ತಿಸಿದ, ಶಾಂತವೇರಿ ಗೋಪಾಲಗೌಡರೂ ಲೋಹಿಯಾ ಅವರೂ ದುಮುಕಿದ ಆ ಸತ್ಯಾಗ್ರಹ ಯಾವುದರಿಂದ ಮೊದಲಾಯಿತು? ಒಂದು ಕೊಳಗದಿಂದ. ಗೇಣಿ ಅಳೆದುಕೊಳ್ಳುವಾಗ ಒಡೆಯನ ಕೊಳಗ ದೊಡ್ಡದು ಎಂಬುದೇ ಗೇಣಿದಾರರ ಮೊದಲ ದೂರು. ಅಳತೆ ಯಾರ ಕೈಯಲ್ಲಿದೆಯೋ ಬೆಳೆ ಅವನದಾಗುತ್ತದೆ ಎಂಬುದನ್ನು ಕಾಗೋಡಿನ ರೈತರು ಕಂಡುಕೊಂಡರು. ಅಲ್ಲಿಂದ ಹೊರಟ ದಾರಿ 1974ರ ಭೂಸುಧಾರಣೆಯ ತನಕ ಬಂದು, ಉಳುವವನು ನೆಲದ ಒಡೆಯನಾದ. ಬಡಗಿಯ ಅಚ್ಚೂ ಒಂದು ಅಳತೆಯೇ.

ಮೊನ್ನೆ ಮತ್ತೆ ಆ ಶೆಡ್ಡಿಗೆ ಹೋಗಿದ್ದೆ. ಅಚ್ಚುಗಳು ಗೋಡೆಯ ಮೇಲೆಯೇ ಇದ್ದವು. ಹುಡುಗ ಅವನ್ನು ಒಂದೊಂದಾಗಿ ಇಳಿಸಿ ಕಾಗದದ ಮೇಲಿಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯುತ್ತಿದ್ದ. ಎಲ್ಲಿ ಎಷ್ಟು ಬಿಡಬೇಕೆಂದು ತಂದೆ ಪಕ್ಕದಲ್ಲಿ ಕೂತು ಹೇಳುತ್ತಿದ್ದರು. ಯಂತ್ರ ಇನ್ನೂ ಬಂದಿಲ್ಲ. ಬರುವ ಹೊತ್ತಿಗೆ ಆ ಕಾಗದಗಳು ಆ ಮನೆಯಲ್ಲೇ ಇರುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಬರುವ ತಿಂಗಳು ಕೊಪ್ಪದಲ್ಲಿ ಮೂರೂ ತಾಲೂಕುಗಳ ಮರಗೆಲಸಗಾರರನ್ನು ಸೇರಿಸುವ ಯತ್ನ ನಡೆದಿದೆ. ಬರುವವರು ತಮ್ಮ ಒಂದೊಂದು ಅಚ್ಚನ್ನೂ ಜೊತೆಗೆ ತರಬೇಕಾಗಿ ವಿನಂತಿ.